ಆಡಿಟ್ರು ಫೋನ್ ಎತ್ತುತ್ತಿಲ್ಲ

(2025ರ ಸೆಪ್ಟೆಂಬರ್ 17ರ ರಾತ್ರಿಯ ಮಾತು)



ಮೊನ್ನೆ ಸೋಮವಾರ ರಾತ್ರಿ ನಿಮ್ಮಲ್ಲಿ ಎಷ್ಟು ಜನ ನಿಮ್ಮ ಆಡಿಟರ್‌ಗೆ ಫೋನ್ ಮಾಡಿದ್ರಿ? ಎಷ್ಟು ಸಲ ಮಾಡಿದ್ರಿ? ಎತ್ತಲಿಲ್ಲ ಅಂತ ಎಷ್ಟು ಜನ ಬೈದುಕೊಂಡ್ರಿ? ಕೈ ಎತ್ತಿ ಅಂದ್ರೆ ನಾನೂ ಎತ್ತಬೇಕಾಗುತ್ತೆ. ನನ್ನ ಕಾಗದಪತ್ರ ನಾನು ಕೊಟ್ಟಿದ್ದೇ ಸೆಪ್ಟೆಂಬರ್ 10ಕ್ಕೆ. ಕೊಟ್ಟು, ಮಾರನೇ ದಿನವೇ "ಆಯ್ತಾ ಸಾರ್?" ಅಂತ ಕೇಳಿದವನೂ ನಾನೇ.

ಆ ರಾತ್ರಿ ನಡೆದದ್ದನ್ನು ಒಮ್ಮೆ ನೆನಪಿಸಿಕೊಳ್ಳಿ. ಸೆಪ್ಟೆಂಬರ್ 15, ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸೋಕೆ ಕಡೇ ದಿನ. ಪೋರ್ಟಲ್ ತೆವಳ್ತಾ ಇತ್ತು. ಸೆಪ್ಟೆಂಬರ್ 30ರವರೆಗೆ ವಿಸ್ತರಣೆ ಆಗಿದೆ ಅಂತ ವಾಟ್ಸಾಪ್‌ನಲ್ಲಿ ಓಡಾಡ್ತಿದ್ದ ಸುದ್ದಿಯನ್ನು, ಅದು ಸುಳ್ಳು, ನಂಬಬೇಡಿ ಅಂತ ಇಲಾಖೆ ಹಿಂದಿನ ದಿನವಷ್ಟೇ ಹೇಳಿತ್ತು. ಹಾಗಂತ ನಂಬಿ ಎಲ್ಲರೂ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಹನ್ನೆರಡು ಹೊಡೆಯೋಕೆ ಕೆಲವೇ ನಿಮಿಷ ಇದೆ ಅನ್ನುವಾಗ ಕೇಂದ್ರ ನೇರ ತೆರಿಗೆ ಮಂಡಳಿಯಿಂದ ಪ್ರಕಟಣೆ ಬಂತು. ಗಡುವು ಒಂದು ದಿನ ಮುಂದಕ್ಕೆ. ಅಬ್ಬಾ ಅನ್ನುವಷ್ಟರಲ್ಲಿ ಅದರ ಕೆಳಗೇ ಇನ್ನೊಂದು ಸಾಲು: ಬದಲಾವಣೆ ಮಾಡಬೇಕಿರೋದರಿಂದ ರಾತ್ರಿ 12ರಿಂದ ಎರಡೂವರೆವರೆಗೆ ಪೋರ್ಟಲ್ ನಿರ್ವಹಣೆಯಲ್ಲಿ ಇರುತ್ತೆ. ಕೊಟ್ಟಿದ್ದು 24 ಗಂಟೆ, ಅದರಲ್ಲಿ ಎರಡೂವರೆ ಗಂಟೆ ಕೊಡುವಾಗಲೇ ಮುರಿದುಕೊಂಡ್ರು.

ನಾನು ಇವತ್ತು ಇಲಾಖೆಯನ್ನು ಬೈಯೋಕೆ ಬಂದಿಲ್ಲ. ಅದನ್ನು ಬೇರೆ ದಿನ ಬೈಯೋಣ. ಇವತ್ತು ಆ ಫೋನ್ ಎತ್ತದವರ ಬಗ್ಗೆ ಮಾತಾಡೋಣ.

ನಮ್ಮಲ್ಲಿ ತೆರಿಗೆ ಲೆಕ್ಕ ಮಾಡಿಕೊಡೋರೆಲ್ಲರಿಗೂ ಒಂದೇ ಹೆಸರು, ಆಡಿಟ್ರು. ಚಾರ್ಟರ್ಡ್ ಅಕೌಂಟೆಂಟೂ ಆಡಿಟ್ರೇ, ತೆರಿಗೆ ವಕೀಲರೂ ಆಡಿಟ್ರೇ, ಬಿ.ಕಾಂ. ಮಾಡಿ ಮೂವತ್ತು ವರ್ಷದಿಂದ ಬೇಕರಿ ಮೇಲಿನ ಒಂದು ರೂಮಿನಲ್ಲಿ ಕೂತಿರೋ ಟ್ಯಾಕ್ಸ್ ಪ್ರಾಕ್ಟೀಷನರೂ ಆಡಿಟ್ರೇ. ಆಡಿಟ್ ವರದಿಗೆ ಸಹಿ ಹಾಕೋ ಅಧಿಕಾರ ಸಿಎಗೆ ಮಾತ್ರ. ಆದರೆ ನಮ್ಮ ನಿಮ್ಮಂಥವರ ರಿಟರ್ನ್ಸ್ ಹಾಕೋರಲ್ಲಿ ದೊಡ್ಡ ಪಾಲು ಈ ಮೂರನೇ ಥರದವರು. ಇಬ್ಬರು ಸಹಾಯಕರು, ಎರಡು ಕಂಪ್ಯೂಟರು, ಒಂದು ಯುಪಿಎಸ್ಸು. ಬಾಗಿಲಿಗೆ ಚಪ್ಪಲಿ ರಾಶಿ.

ಅಂಥವರೊಬ್ಬರನ್ನು ನಿನ್ನೆ ಸಂಜೆ ನೋಡೋಕೆ ಹೋಗಿದ್ದೆ. ಹೆಸರು ಬೇಡ ಅಂದ್ರು, ಬೇಡ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಆಫೀಸು. ಸೇಲ್ಸ್ ಟ್ಯಾಕ್ಸ್ ಕಾಲದಲ್ಲಿ ಶುರು ಮಾಡಿದವರು. 2005ರಲ್ಲಿ ವ್ಯಾಟ್ ಕಲಿತರು, 2017ರಲ್ಲಿ ಜಿಎಸ್‌ಟಿ ಕಲಿತರು. ಮೇಜಿನ ಮೇಲೆ ಉದ್ದದ ಒಂದು ನೋಟ್‌ಬುಕ್ಕು. ಕಂಪ್ಯೂಟರ್ ಇದ್ದೂ ಇದೇನು ಸಾರ್ ಅಂದೆ. "ಕಂಪ್ಯೂಟರ್‌ನಲ್ಲಿರೋದು ಲೆಕ್ಕ. ಇದರಲ್ಲಿರೋದು ಜನ" ಅಂದ್ರು.

ನಿಜ ಹೇಳ್ತೀನಿ, ಆ ನೋಟ್‌ಬುಕ್ ನೋಡಿ ನನಗೆ ನಾಚಿಕೆ ಆಯ್ತು. ಪ್ರತಿ ಹೆಸರಿನ ಮುಂದೆ ಕಾಗದ ಕೊಟ್ಟ ದಿನ. ಕೊಡದೇ ಇರೋ ಕಾಗದ ಯಾವುದು. ಎಷ್ಟು ಸಲ ಕೇಳಿದ್ದಾಯ್ತು. ಪೆನ್ಷನ್‌ದಾರರನ್ನ, ಒಂದೇ ಕಂಪನಿಯಲ್ಲಿ ಸಂಬಳ ತಗೊಳ್ಳೋರನ್ನ ಅವರು ಮೊದಲು ಮುಗಿಸ್ತಾರೆ. ಜೂನ್ 15ರ ಹೊತ್ತಿಗೆ ಫಾರಂ 16 ಕೈಗೆ ಬರುತ್ತೆ, ಜೂನ್ ಕೊನೆಯೊಳಗೆ ಆ ರಾಶಿ ಖಾಲಿ. ಆಮೇಲೆ ಸೈಟು ಮಾರಿದವರು, ಷೇರು ಆಡಿದವರು. ಅಂಗಡಿಯವರು ಕೊನೆಗೆ, ಯಾಕಂದ್ರೆ ಅವರ ಪುಸ್ತಕ ಕೊನೆಗೇ ಸಿದ್ಧ ಆಗೋದು. ಮೂವತ್ತು ವರ್ಷದಲ್ಲಿ ಕಂಡುಕೊಂಡ ಕ್ರಮ ಇದು.

ಈ ವರ್ಷ ಆ ಕ್ರಮ ಮುರಿದುಬಿತ್ತು. ಷೇರು ಮಾರಿದವರು ತುಂಬಬೇಕಾದ ಐಟಿಆರ್ 2, ಪುಸ್ತಕ ಇಟ್ಟ ವ್ಯಾಪಾರಸ್ಥರು ತುಂಬಬೇಕಾದ ಐಟಿಆರ್ 3, ಇವುಗಳ ಯುಟಿಲಿಟಿಯನ್ನು ಇಲಾಖೆ ಬಿಟ್ಟಿದ್ದೇ ಜುಲೈ 11ಕ್ಕೆ. ಅಲ್ಲಿವರೆಗೆ ಕಾಗದ ಇದ್ದರೂ ಹಾಕೋ ಹಾಗಿಲ್ಲ. ಮೇಲಾಗಿ ಹೋದ ವರ್ಷದ ಬಜೆಟ್‌ನಲ್ಲಿ ಬಂಡವಾಳ ಲಾಭದ ತೆರಿಗೆ ವರ್ಷದ ಮಧ್ಯದಲ್ಲೇ ಬದಲಾಯ್ತಲ್ಲ, 2024ರ ಜುಲೈ 23ಕ್ಕೆ? ಆ ದಿನಕ್ಕೆ ಮುಂಚೆ ಮಾರಿದ್ದು ಒಂದು ಲೆಕ್ಕ, ಆ ದಿನದಿಂದ ಆಚೆಗೆ ಮಾರಿದ್ದು ಇನ್ನೊಂದು ಲೆಕ್ಕ. ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ ಹತ್ತು ಸಲ ಷೇರು ತಗೊಂಡು ಮಾರೋ ಹುಡುಗನಿಗೆ ಇದು ಗೊತ್ತಿಲ್ಲ. ಅವನ ಪಾಲಿಗೆ ಅದು ಆಟ. ಬೇರೆ ಬೇರೆ ಮಾಡಿ ತುಂಬೋರಿಗೆ ರಾತ್ರಿ ಕೆಲಸ.

ಜುಲೈನಲ್ಲಿ ಇನ್ನೊಂದು ಬಂತು, ನಿಮಗೆ ನೆನಪಿರಬೇಕು. ಯುಪಿಐ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಹಾಲು, ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದಿದ್ದ ಕ್ಯೂಆರ್ ಕೋಡ್ ರಾತ್ರೋರಾತ್ರಿ ಮಾಯ ಆಯ್ತು. ಹಾಲು, ತರಕಾರಿಗೆ ಜಿಎಸ್‌ಟಿಯೇ ಇಲ್ಲವಲ್ಲ ಸ್ವಾಮಿ ಅಂತ ಅವರು ಬೀದಿಗಿಳಿದರು. ನಾವು ಚಾನೆಲ್‌ನವರು ಬೀದಿಯನ್ನ ತೋರಿಸಿದೆವು. ಆ ನೋಟಿಸ್ ಹಿಡಿದುಕೊಂಡು ಅವರು ಮೊದಲು ಹೋಗಿದ್ದು ಎಲ್ಲಿಗೆ? ಬೇಕರಿ ಮೇಲಿನ ಈ ರೂಮಿಗೆ. ಕೆಳಗಿನ ಬೇಕರಿಯವನೇ ಮೊದಲು ಬಂದನಂತೆ, ಕೈ ನಡುಗ್ತಾ ಇತ್ತಂತೆ. ಅವನನ್ನ ಕೂರಿಸಿ, ನೀರು ಕೊಟ್ಟು, ಯಾವುದು ವ್ಯಾಪಾರದ ದುಡ್ಡು, ಯಾವುದು ಮಗಳು ಊರಿಂದ ಹಾಕಿದ ದುಡ್ಡು ಅಂತ ಬ್ಯಾಂಕ್ ಪುಸ್ತಕದಲ್ಲಿ ಗೆರೆ ಎಳೆಯೋಷ್ಟರಲ್ಲಿ ಎರಡು ದಿನ. ಅದಕ್ಕೆ ಎಷ್ಟು ಫೀಸ್ ತಗೊಂಡ್ರಿ ಅಂದೆ. ನಕ್ಕರು. "ದಿನಾ ಸಂಜೆ ಬನ್ ಕಳಿಸ್ತಾನೆ" ಅಂದ್ರು.

ಹಾಗಾದರೆ ವಿಸ್ತರಣೆ ಕೊಟ್ಟಿದ್ದರಲ್ಲ, ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ? ಕೊಟ್ಟಿದ್ದರು, ಮೇ 27ಕ್ಕೇ ಘೋಷಿಸಿದ್ದರು. ಅಲ್ಲೇ ಇರೋದು ಸಮಸ್ಯೆ. ವಿಸ್ತರಣೆ ಆದ ದಿನ ಟಿವಿಯಲ್ಲಿ ನಾವು ದೊಡ್ಡದಾಗಿ "ತೆರಿಗೆದಾರರಿಗೆ ರಿಲೀಫ್" ಅಂತ ಹಾಕಿದೆವು. ಮಾರನೇ ದಿನದಿಂದ ಇವರು ಕಾಗದ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, "ಇನ್ನೂ ಟೈಮ್ ಇದೆಯಲ್ಲ ಸಾರ್." ಗಡುವು ಮುಂದೆ ಹೋದರೆ ಸಮಯ ಸಿಗೋದು ನಮಗೆ. ಅವರಿಗೆ ಸಿಗೋದು ಅದೇ ಕೊನೇ ಹತ್ತು ದಿನ. ಹೋದ ವರ್ಷ, 2024ರ ಜುಲೈ 31ರ ಒಂದೇ ದಿನ ದೇಶದಲ್ಲಿ 69.92 ಲಕ್ಷ ರಿಟರ್ನ್ಸ್ ಸಲ್ಲಿಕೆ ಆದವು. ಸಂಜೆ 7ರಿಂದ 8ರ ನಡುವೆ, ಒಂದು ಗಂಟೆಯಲ್ಲಿ, 5.07 ಲಕ್ಷ. ಹಬ್ಬದ ಹಿಂದಿನ ದಿನದ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ನೋಡಿದ್ದೀರಲ್ಲ, ಹಾಗೆ. ಈ ವರ್ಷ ಸೆಪ್ಟೆಂಬರ್ 15ರ ಹೊತ್ತಿಗೆ 7.3 ಕೋಟಿ ದಾಟಿದೆ. ಇವೆಲ್ಲ ಬಂದು ಬೀಳೋದು ನಮ್ಮ ಬೆಂಗಳೂರಿನ ಸಿಪಿಸಿಗೇ.

ಈ ನೂಕುನುಗ್ಗಲು ತಡೆಯೋಕೆ ನಮ್ಮ ಈ ಆಡಿಟ್ರು ಎರಡು ಕಟ್ಟಳೆ ಮಾಡಿದ್ದರು. ಗಣಪತಿ ಹಬ್ಬದ ಒಳಗೆ ಕಾಗದ ಕೊಟ್ಟವರಿಗೆ ಹಳೇ ಫೀಸು, ಆಮೇಲೆ ಬಂದವರಿಗೆ ಜಾಸ್ತಿ. ಸೆಪ್ಟೆಂಬರ್ 5ರ ಮೇಲೆ ಹೊಸಬರನ್ನ ಹಿಡಿಯೋದಿಲ್ಲ. ಬಾಗಿಲಲ್ಲಿ ಬೋರ್ಡು ಕೂಡ ಇದೆ. ಹದಿನೈದು ವರ್ಷದಿಂದ ಬರ್ತಿರೋ ಗಿರಾಕಿ ಬೋರ್ಡ್ ಓದಿಕೊಂಡೇ ಒಳಗೆ ಬಂದು, "ನಮಗೆಲ್ಲಾ ಇದು ಅನ್ವಯಿಸಲ್ಲ ಬಿಡಿ" ಅಂದರಂತೆ. ಇವರು ಏನಂದ್ರಿ ಅಂದೆ. ಏನನ್ನೋದು, ಕಾಗದ ಇಸ್ಕೊಂಡೆ ಅಂದ್ರು.

ಆದರೆ ಒಂದು ನಿಯಮ ಮಾತ್ರ ಅವರು ಯಾರಿಗೂ ಸಡಿಲ ಮಾಡಲ್ಲ. ಲೆಕ್ಕದ ಹಾಳೆಯನ್ನ ವಾಟ್ಸಾಪ್‌ನಲ್ಲಿ ಕಳಿಸ್ತಾರೆ. ಗಿರಾಕಿ ಓದಿ "ಸರಿ ಇದೆ" ಅಂತ ಉತ್ತರ ಹಾಕೋವರೆಗೆ ಸಲ್ಲಿಸಲ್ಲ. ಹಿಂದೆ ಒಬ್ಬರು ಇನ್ನೊಂದು ಬ್ಯಾಂಕಿನಲ್ಲಿದ್ದ ಎಫ್‌ಡಿ ಬಡ್ಡಿ ಹೇಳಲೇ ಇಲ್ಲ. ಇಲಾಖೆಯ ಎಐಎಸ್‌ನಲ್ಲಿ, ಅಂದರೆ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ, ಆ ಬಡ್ಡಿ ಆಗಲೇ ಕೂತಿತ್ತು. ನೋಟಿಸ್ ಬಂತು. ಗಿರಾಕಿ ಬಂದು ಹತ್ತು ಜನರ ಮುಂದೆ ಕೂಗಾಡಿದರಂತೆ, "ನಿಮಗೆ ದುಡ್ಡು ಕೊಟ್ಟಿದ್ದು ಯಾಕೆ?" ಅವತ್ತಿಂದ "ಸರಿ ಇದೆ" ಇಲ್ಲದೆ ಫೈಲ್ ಇಲ್ಲ.

ಇಷ್ಟೆಲ್ಲ ಕೇಳಿಕೊಂಡು, ನಿಮಗೆ ಬಹಳ ಕಷ್ಟ ಕೊಡೋದು ಯಾವುದು ಸಾರ್, ಪೋರ್ಟಲ್ಲಾ, ಗಿರಾಕಿನಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನೋಟ್‌ಬುಕ್ ತಿರುವಿ ಅಡ್ಡ ಗೆರೆ ಎಳೆದ ಹೆಸರುಗಳನ್ನ ತೋರಿಸಿದರು. ಎಲ್ಲ ಚಿಕ್ಕ ವಯಸ್ಸಿನವರು, ಒಳ್ಳೇ ಸಂಬಳದವರು. ಬಿಟ್ಟು ಹೋಗಿದ್ದಾರೆ. ಯಾಕೆ? "ನನ್ನ ಫ್ರೆಂಡ್‌ಗೆ ಬೇರೆ ಕಡೆ 60 ಸಾವಿರ ರಿಫಂಡ್ ಬರ್ಸಿದಾರೆ. ನೀವು ನನಗೆ 4 ಸಾವಿರ ಬರ್ಸಿದೀರ."

ವೀಕ್ಷಕರೇ, ಇಲ್ಲಿ ಸ್ವಲ್ಪ ನಿಲ್ಲಬೇಕು. ರಿಫಂಡ್ ಅನ್ನೋದು ಯಾರೋ ಬರಿಸೋದಲ್ಲ. ನೀವು ಹೆಚ್ಚಿಗೆ ಕಟ್ಟಿದ್ದು ವಾಪಸ್ ಬರೋದು. ಹೆಚ್ಚಿಗೆ ಕಟ್ಟಿಲ್ಲದಿದ್ದರೆ ಅದು ಎಲ್ಲಿಂದ ಬರುತ್ತೆ? ಇದೇ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ದೇಶದಾದ್ಯಂತ 150 ಕಡೆ ಪರಿಶೀಲನೆ ನಡೆಸಿತು. ಯಾರ ಮೇಲೆ? ಇದೇ ದಂಧೆಯವರ ಮೇಲೆ. ಬಾಡಿಗೆ ಮನೆ ಇಲ್ಲದವರಿಗೆ ಬಾಡಿಗೆ ವಿನಾಯಿತಿ. ಒಂದು ರೂಪಾಯಿ ಕೊಡದವರ ಹೆಸರಲ್ಲಿ ರಾಜಕೀಯ ಪಕ್ಷಕ್ಕೆ ದೇಣಿಗೆ, ಅದು 80ಜಿಜಿಸಿ. ಇಲ್ಲದ ಕಾಯಿಲೆಗೆ ಖರ್ಚು, ಇಲ್ಲದ ಎಜುಕೇಷನ್ ಲೋನಿಗೆ ಬಡ್ಡಿ. ಬಂದ ರಿಫಂಡ್‌ನಲ್ಲಿ ಕಮಿಷನ್. ಒಬ್ಬೊಬ್ಬ ರಾಶಿ ರಾಶಿ ರಿಟರ್ನ್ಸ್ ಹಾಕೋಕೆ ಅಂತಲೇ ತಾತ್ಕಾಲಿಕ ಇಮೇಲ್ ಮಾಡಿಕೊಳ್ತಾನೆ, ಕೆಲಸ ಮುಗಿದ ಮೇಲೆ ಅದನ್ನ ಬಿಸಾಕ್ತಾನೆ. ಇಲಾಖೆಯ ನೋಟಿಸ್ ಹೋಗಿ ಬೀಳೋದು ಆ ಯಾರೂ ತೆರೆಯದ ಇಮೇಲ್‌ಗೆ. ನಿಮಗೆ ಗೊತ್ತೇ ಆಗಲ್ಲ.

ಸಿಕ್ಕಿಬಿದ್ದರೆ ಹೊಣೆ ಅವನದ್ದಾ? ಅಲ್ಲ. ರಿಟರ್ನ್ಸ್ ಕೊನೆಯಲ್ಲಿ ಘೋಷಣೆ ಇರೋದು ನಿಮ್ಮ ಹೆಸರಲ್ಲಿ. ಆದಾಯದ ಬಗ್ಗೆ ಸುಳ್ಳು ಹೇಳಿದ್ದೀರಿ ಅಂತ ಆದರೆ ತಪ್ಪಿಸಿದ ತೆರಿಗೆಯ 200 ಪರ್ಸೆಂಟ್ ದಂಡ, ಬಡ್ಡಿ ಬೇರೆ. ಆ ಪರಿಶೀಲನೆಗೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ ತಾವಾಗಿಯೇ ರಿಟರ್ನ್ಸ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮು ವಾಪಸ್ ತಗೊಂಡಿದ್ದಾರೆ ಅಂತ ಇಲಾಖೆಯೇ ಹೇಳಿದೆ. ಅವರೆಲ್ಲ ಕಳ್ಳರು ಅಂತ ನಾನು ಅನ್ನಲ್ಲ. ಪಕ್ಕದ ಸೀಟಿನವನಿಗೆ ಬಂತು, ನನಗೂ ಬರಲಿ ಅಂದುಕೊಂಡವರು ಅವರಲ್ಲಿ ಬಹಳ ಜನ ಇರ್ತಾರೆ.

ಈ ಪ್ರಾಮಾಣಿಕ ಆಡಿಟ್ರಿಗೆ ಅದೇ ಪೆಟ್ಟು. ಅವರು ಸೀಸನ್‌ನಲ್ಲಿ ಮಾಡೋ ಅತಿ ಕಷ್ಟದ ಕೆಲಸ ಲೆಕ್ಕ ಹಾಕೋದಲ್ಲ, "ಇದು ಬರಲ್ಲ" ಅನ್ನೋದು. ಪ್ರತಿ "ಬರಲ್ಲ"ಕ್ಕೂ ಒಬ್ಬ ಗಿರಾಕಿ ಹೋಗಬಹುದು. ಸಿಕ್ಕಿಬಿದ್ದು ಎರಡು ವರ್ಷ ಆದಮೇಲೆ ಅದೇ ಗಿರಾಕಿ ವಾಪಸ್ ಬರ್ತಾನೆ, ನೋಟಿಸ್ ಹಿಡ್ಕೊಂಡು. ಈ ವರ್ಷ ಅಂಥವರು ಮೂವರು ಬಂದರಂತೆ. ಸೀಸನ್ ಮಧ್ಯೆ ಅವರ ಹಳೇ ರಿಟರ್ನ್ಸ್ ತಿದ್ದೋ ಕೆಲಸ ಬೇರೆ.

ಆಡಿಟ್ರುಗಳೆಲ್ಲ ಹರಿಶ್ಚಂದ್ರರು ಅಂತ ನಾನು ಹೇಳ್ತಿಲ್ಲ, ತಪ್ಪು ತಿಳಿಬೇಡಿ. ಇನ್ನೂರು ಜನರ ಪಾಸ್‌ವರ್ಡ್ ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ ಆಫೀಸನ್ನ ನಾನೇ ನೋಡಿದ್ದೀನಿ. ರಸೀದಿ ಕೊಡದವರಿದ್ದಾರೆ. ಮರೆತುಬಿಟ್ಟು, ತಡವಾದ ಶುಲ್ಕವನ್ನ ಗಿರಾಕಿ ತಲೆಗೆ ಕಟ್ಟೋರೂ ಇದ್ದಾರೆ. 2006ರಲ್ಲಿ ಸರ್ಕಾರವೇ ಪದವೀಧರರಿಗೆ ತರಬೇತಿ ಕೊಟ್ಟು ರಿಟರ್ನ್ಸ್ ಸಿದ್ಧ ಮಾಡೋರನ್ನ ತಯಾರು ಮಾಡೋ ಯೋಜನೆ ತಂದಿತ್ತು, ಟಿಆರ್‌ಪಿ ಅಂತ. ನಮ್ಮ ಟಿವಿ ಟಿಆರ್‌ಪಿ ಅಲ್ಲ ಮಾರಾಯ್ರೆ, ಟ್ಯಾಕ್ಸ್ ರಿಟರ್ನ್ ಪ್ರಿಪೇರರ್. ನಿಮ್ಮ ಬೀದಿಯಲ್ಲಿ ಅಂಥವರೊಬ್ಬರನ್ನ ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ.

ನಿನ್ನೆ ರಾತ್ರಿಯ ಕಥೆ ಹೇಳಿ ಮುಗಿಸ್ತೀನಿ. ನಿನ್ನೆ ಕೊನೇ ದಿನದ ಮೇಲಿನ ಕೊನೇ ದಿನ. ಒಬ್ಬ ಮೇಷ್ಟ್ರು, ಮನೆ ಸಾಲ ಇದೆ, ಹಳೇ ಪದ್ಧತಿಯಲ್ಲೇ ತೆರಿಗೆ ಕಟ್ಟಿದರೆ ಅವರಿಗೆ ಲಾಭ. ಗಡುವು ದಾಟಿದರೆ 5,000 ರೂಪಾಯಿ ಶುಲ್ಕ ಮಾತ್ರ ಅಲ್ಲ, ಹಳೇ ಪದ್ಧತಿಯೇ ಕೈತಪ್ಪುತ್ತೆ. ಮೇಷ್ಟ್ರು ಯಾವಾಗಲೋ ಪಾಸ್‌ವರ್ಡ್ ಬದಲಿಸಿದ್ದಾರೆ, ಮರೆತಿದ್ದಾರೆ. ಹೊಸದು ಮಾಡೋಕೆ ಆಧಾರ್ ಒಟಿಪಿ ಬೇಕು. ಆಧಾರ್‌ಗೆ ಕೊಟ್ಟಿರೋ ನಂಬರ್ ಮಗನದ್ದು. ಮಗ ನೈಟ್ ಶಿಫ್ಟ್‌ನಲ್ಲಿ, ಫೋನ್ ಲಾಕರ್‌ನಲ್ಲಿ. ರಾತ್ರಿ ಹತ್ತರಿಂದ ಮೇಷ್ಟ್ರು ಈ ರೂಮಿನಲ್ಲೇ ಕೂತಿದ್ದಾರೆ. ಹನ್ನೊಂದು ಗಂಟೆಯ ಟೀ ಬ್ರೇಕ್‌ಗೆ ಮಗ ಫೋನ್ ನೋಡಿದ. ಹನ್ನೊಂದೂ ಇಪ್ಪತ್ತಕ್ಕೆ ರಿಟರ್ನ್ಸ್ ಹೋಯ್ತು. ಅಷ್ಟೊತ್ತೂ ಮೇಜಿನ ಮೇಲೆ ಇವರ ಫೋನು ಉರಿದು ಆರ್ತಾನೇ ಇತ್ತು. ಎತ್ತಲಿಲ್ಲ.

ಅಂದ ಹಾಗೆ, ನಿನ್ನೆ ಮೊನ್ನೆ ಹಾಕಿಸಿದವರು ಇ-ವೆರಿಫೈ ಮಾಡಿದ್ದೀರಾ ನೋಡಿಕೊಳ್ಳಿ. ಅದಕ್ಕೆ 30 ದಿನ ಇದೆ. ಮಾಡದಿದ್ದರೆ ಹಾಕಿದ್ದು ಹಾಕಿದ ಹಾಗೆ ಅಲ್ಲ. ದಯವಿಟ್ಟು ಇದನ್ನ 29ನೇ ದಿನ ಮಾಡಬೇಡಿ. ಶನಿವಾರ, 20ನೇ ತಾರೀಖು, ಅಂಗಡಿಯವರ ಜಿಎಸ್‌ಟಿ ರಿಟರ್ನ್ಸ್. ಸೋಮವಾರ 22ರಿಂದ ಹೊಸ ಜಿಎಸ್‌ಟಿ ದರ, ಪ್ರತಿ ಅಂಗಡಿಯ ಬಿಲ್ಲಿಂಗ್ ಬದಲಾಗಬೇಕು. 30ಕ್ಕೆ ಆಡಿಟ್ ವರದಿಯ ಗಡುವು. ಇವಿಷ್ಟೂ ಅದೇ ಎರಡು ಕಂಪ್ಯೂಟರ್‌ನಲ್ಲಿ.

ಇವತ್ತು ಮಧ್ಯಾಹ್ನ ನಾನು ಅವರಿಗೆ ಫೋನ್ ಮಾಡಿದೆ, ಮಲಗಿದ್ರಾ ಅಂತ ಕೇಳೋಕೆ. ಎರಡನೇ ರಿಂಗ್‌ಗೇ ಎತ್ತಿದರು. ಬೆಳಿಗ್ಗೆ ಏಳೂವರೆಗೇ ಮೇಷ್ಟ್ರು ಎಬ್ಬಿಸಿದರಂತೆ. "ಸಾರ್, ನಮಸ್ಕಾರ. ರಿಫಂಡ್ ಯಾವಾಗ ಬರುತ್ತೆ?"