ತೋಟದ ಮೇಲಣ ಆಕಾಶ



ಮಳೆಗಾಲ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಕೆ ಬೆಳೆಗಾರನಿಗೆ ಕೊಳೆರೋಗದ ಚಿಂತೆ. ಜಾರುವ ಮರವೇರಿ ಬೋರ್ಡೋ ದ್ರಾವಣ ಸಿಂಪಡಿಸುವವನ ಪ್ರಾಣಕ್ಕೆ ಹೊಣೆ ಯಾರು? ಆ ಕೆಲಸಕ್ಕೆ ಈಗ ಡ್ರೋನ್ ಬರತೊಡಗಿದೆ. ಕಾನೂನಿನ ದೃಷ್ಟಿಯಲ್ಲಿ ಅದು ಆಟಿಕೆಯಲ್ಲ. ಚಾಲಕನು ನೆಲದ ಮೇಲೆ ನಿಂತು ನಡೆಸುವ ವಿಮಾನ. 2021ರ ಡ್ರೋನ್ ನಿಯಮಗಳ ಪ್ರಕಾರ ಇಂಥ ಯಂತ್ರಕ್ಕೆ ನೋಂದಣಿ ಸಂಖ್ಯೆಯೂ ಹಾರಿಸುವವನಿಗೆ ತರಬೇತಿಯ ಪ್ರಮಾಣಪತ್ರವೂ ಅಗತ್ಯ. ಮೋಟಾರು ವಾಹನಕ್ಕಿರುವಂತೆ, ಇತರರಿಗೆ ಆಗಬಹುದಾದ ಹಾನಿಗಾಗಿ ವಿಮೆಯೂ ಇರಬೇಕು. ನಿರ್ಬಂಧವಿಲ್ಲದ ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಲು ಮುಂಗಡ ಅನುಮತಿ ಬೇಡ. ಅಡಕೆಯ ಗೊನೆಗೆ ಅಷ್ಟು ಎತ್ತರ ಧಾರಾಳವಾಯಿತು. ಮರದ ಮೇಲಿನ ಜೀವವನ್ನು ಉಳಿಸಲು ಬಂದ ಯಂತ್ರವು ಮರದ ಬುಡದಲ್ಲಿರುವ ಜೀವಕ್ಕೆ ಕಂಟಕವಾಗಬಾರದು. ಬಾಡಿಗೆಗೆ ಡ್ರೋನ್ ಕರೆಸುವಾಗ ಸಂಖ್ಯೆ, ಪ್ರಮಾಣಪತ್ರ, ವಿಮೆ, ಈ ಮೂರನ್ನೂ ಕೇಳಿ ನೋಡಿರಿ.