ಮೂಟೆ ಹೊರುವವನ ಲೆಕ್ಕ



ಸಿದ್ದಿಕಟ್ಟೆಯಿದ್ದ ಜಾಗದಲ್ಲಿ 1928ರಲ್ಲಿ ಎದ್ದುನಿಂತ ಕೃಷ್ಣರಾಜ ಮಾರುಕಟ್ಟೆಗೆ ಬೆಳಗಿನ ಜಾವ ಹೋದರೆ, ಕೆಲಸವಿಲ್ಲದವನೊಬ್ಬನೂ ಕಣ್ಣಿಗೆ ಬೀಳನು. ಹೂವಿನ ಗಂಟುಗಳು ಇಳಿಯುತ್ತಿರುತ್ತವೆ. ಮೂಟೆ ಹೊತ್ತವರು ‘ದಾರಿ, ದಾರಿ’ ಎಂದು ಕೂಗುತ್ತ ಓಡುತ್ತಿರುತ್ತಾರೆ. ಬಿಸಿಲೇರಿದ ಮೇಲೆ ಅದೇ ಆಳುಗಳು ಬರಿದಾದ ಗಾಡಿಗಳ ಮೇಲೆ ಕೈಕಟ್ಟಿ ಕುಳಿತಿರುವುದನ್ನೂ ನಾವು ಕಂಡಿದ್ದೇವೆ. ಇವರು ಉದ್ಯೋಗಸ್ಥರೋ, ನಿರುದ್ಯೋಗಿಗಳೋ?

ಸರಕಾರದ ಎಣಿಕೆಗೆ ಈ ಸಂದೇಹವೇ ಇಲ್ಲ. 2017ರಲ್ಲಿ ಆರಂಭವಾದ ದುಡಿಮೆಗಾರರ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಏಳು ದಿನಗಳೊಳಗೆ ಒಂದೇ ಒಂದು ಗಂಟೆ ದುಡಿದವನೂ ಉದ್ಯೋಗಸ್ಥನೇ! ನಿರುದ್ಯೋಗವು ಇಳಿಯಿತೆಂದು ಹಿಗ್ಗುವ ಮಹಾಶಯರು ಈ ಒಂದು ಸಾಲನ್ನು ಓದಿಕೊಂಡರೆ ಲೇಸು.

ಬಿನ್ನಿ, ಮಿನರ್ವ, ರಾಜಾ ಮಿಲ್ಲುಗಳ ಕೂಗಿಗೆ ಈ ನಗರವು ಎಚ್ಚರಗೊಳ್ಳುತ್ತಿದ್ದ ಕಾಲದಲ್ಲಿ, ಬಡವನ ಮಗನಿಗೆ ತಿಂಗಳ ಸಂಬಳವೆಂಬುದೊಂದು ದೊರೆಯುವ ದಾರಿಯಿತ್ತು. ಆ ಮಿಲ್ಲುಗಳು ನಿಂತುಹೋದವು. ಮಲ್ಲೇಶ್ವರದ ರಾಜಾ ಮಿಲ್ಲಿನ ನೆಲದಲ್ಲಿ ಈಗ ಮಂತ್ರಿ ಮಾಲ್ ನಿಂತಿದೆ. ಓದು ಕಡಿಮೆಯಾದವನಿಗೆ ಉಳಿದದ್ದು ದಿನಗೂಲಿ.

2020ರಲ್ಲಿ ಕೊರೋನಾ ಬಂದು ಮಾರುಕಟ್ಟೆಗೆ ತಿಂಗಳುಗಟ್ಟಲೆ ಬೀಗ ಬಿದ್ದಿತು. ಅಸಂಘಟಿತ ಕಾರ್ಮಿಕರನ್ನು ದೇಶದಾದ್ಯಂತ ನೋಂದಾಯಿಸುವ ಇ-ಶ್ರಮ ಬಂದುದು 2021ರಲ್ಲಿ. ಹಸಿವು ಮುಂದೆ, ಕಾಗದ ಹಿಂದೆ!

ಇಲ್ಲಿರುವ ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಒಂದು ವಾರ ನಮ್ಮೊಡನೆ ಮಾರುಕಟ್ಟೆಗೆ ಬನ್ನಿರಿ. ಒಬ್ಬೊಬ್ಬನಿಗೆ ದಿನಕ್ಕೆ ಎಷ್ಟು ಗಂಟೆ ಕೆಲಸ, ಎಷ್ಟು ಕೂಲಿ ಎಂಬುದನ್ನು ಕೇಳಿ ಬರೆದುಕೊಳ್ಳೋಣ. ಬರಲೊಪ್ಪುವವರು ಸಭೆ ಮುಗಿದೊಡನೆ ಹೆಸರು ಕೊಡಬೇಕು.