ಪೆಡಲ್ ತಿರುಗಿಸಿದ ಕೈ

ಮೊನ್ನೆ ಸಂಜೆ ಕರೆಂಟು ಹೋದಾಗ ಮೊಮ್ಮಗಳು ಅಟ್ಟದಿಂದ ಹಳೇ ಟ್ರಾನ್ಸಿಸ್ಟರ್ ಇಳಿಸಿಕೊಂಡು ಬಂದಳು. ಬೀದಿ ಕೊನೆಯ ಅಂಗಡಿಯಿಂದ ಎರಡು ಸೆಲ್ ತಂದದ್ದಾಯಿತು. ಅವನ್ನು ಅಂಗೈಯಲ್ಲಿ ಹಿಡಿದಾಗ ನನಗೆ ಜಾಫ್ನಾ ನೆನಪಾಯಿತು.

1990ರ ಜೂನ್‌ನಲ್ಲಿ ಶ್ರೀಲಂಕಾದ ಅಂತರ್ಯುದ್ಧ ಮತ್ತೆ ಹೊತ್ತಿಕೊಂಡ ಮೇಲೆ ದ್ವೀಪದ ಉತ್ತರದ ಆ ಊರು ವರ್ಷಗಟ್ಟಲೆ ಕತ್ತಲಲ್ಲಿತ್ತು. ಉತ್ತರಕ್ಕೆ ಹೋಗಬಾರದೆಂದು ಸರ್ಕಾರ ತಡೆದ ಸಾಮಾನುಗಳಲ್ಲಿ ಪೆಟ್ರೋಲಿನ ಜೊತೆಗೆ ಈ ಸೆಲ್ಲೂ ಸೇರಿತ್ತು. ಜಾಮ್ ಬಾಟಲಿಯಲ್ಲಿ ಚೂರು ಹತ್ತಿ, ಅದು ನೆನೆಯುವಷ್ಟು ಸೀಮೆಎಣ್ಣೆ, ಒಂದು ಬತ್ತಿ: ಮನೆಯ ದೀಪವೆಂದರೆ ಅದು. ಮಕ್ಕಳು ಪರೀಕ್ಷೆಗೆ ಓದಿದ್ದೂ ಅದರ ಮುಂದೆಯೇ.

ರೇಡಿಯೋಗೆ ಸೈಕಲ್ಲಿನ ಡೈನಮೊ ಒದಗಿತು. ಸೈಕಲ್ಲನ್ನು ನಿಲ್ಲಿಸಿ, ಡೈನಮೊದಿಂದ ರೇಡಿಯೋಗೆ ತಂತಿ ಎಳೆದು, ಒಬ್ಬರು ಪೆಡಲ್ ತಿರುಗಿಸುತ್ತಿದ್ದರು. ರಾತ್ರಿ ಬಿಬಿಸಿಯ ತಮಿಳು ವಾರ್ತೆಗೆ ಮನೆಮಂದಿಯೆಲ್ಲ ಸುತ್ತ ಸೇರುತ್ತಿದ್ದರು. ಅದೇ ದ್ವೀಪದ ಕೊಲಂಬೊದಿಂದ ರೇಡಿಯೋ ಸಿಲೋನ್‌ನಲ್ಲಿ ಬರುತ್ತಿದ್ದ ಬಿನಾಕಾ ಗೀತ್‌ಮಾಲಾಕ್ಕೆ ನಮ್ಮ ಹಿರಿಯರೂ ಹೀಗೆಯೇ ಸುತ್ತ ಸೇರುತ್ತಿದ್ದರಲ್ಲ. ಅವರು ಕಾದದ್ದು ಹಾಡಿಗೆ. ಇವರು ಕಾದದ್ದು ಎಲ್ಲಿ ಬಾಂಬು ಬಿತ್ತು, ಯಾವ ದಾರಿ ಮುಚ್ಚಿತು ಎಂಬುದಕ್ಕೆ.

ಪೆಡಲ್ ತಿರುಗಿಸುತ್ತಿದ್ದ ಆ ಒಬ್ಬರ ಹತ್ತಿರವೇ ನನ್ನ ಮನಸ್ಸು ಸುಳಿಯುತ್ತದೆ. ಮನೆಯ ಹುಡುಗನೋ, ಅಕ್ಕನೋ. ಕೈ ಸೋತರೆ ವಾರ್ತೆಯ ದನಿಯೂ ಸೋಲುತ್ತದೆ. ಸುತ್ತ ಕೂತವರು ಉಸಿರು ಬಿಗಿಹಿಡಿದು ಕೇಳುವಾಗ, ಚೈನಿನ ಸದ್ದಿನ ಪಕ್ಕದಲ್ಲೇ ಇದ್ದ ಆ ಜೀವಕ್ಕೆ ಎಷ್ಟು ಕೇಳಿಸಿತೋ. "ಬಿಡು, ಇನ್ನು ನಾನು ತಿರುಗಿಸ್ತೀನಿ" ಎಂದು ಯಾರಾದರೂ ಎದ್ದು ಬಂದಿರುತ್ತಾರೆ. ಬರದೆ ಇರಲಾರರು.

1995ರ ಅಕ್ಟೋಬರ್ ಕೊನೆಗೆ, ಯುದ್ಧ ಜಾಫ್ನಾದ ಬಾಗಿಲಿಗೇ ಬಂದಾಗ, ಊರಿಗೆ ಊರೇ ಮಳೆಯಲ್ಲಿ ಮನೆ ಬಿಟ್ಟು ಹೊರಟಿತು. ಆಗ ಗಂಟುಮೂಟೆಯೂ ಕಾಲು ಸೋತ ಹಿರಿಯರೂ ಏರಿದ್ದು ಇಂಥವೇ ಸೈಕಲ್ಲುಗಳನ್ನು. ರೇಡಿಯೋ ಯಾರ ಗಂಟಿನಲ್ಲಿ ಹೋಯಿತೋ, ಯಾವ ಮನೆಯಲ್ಲಿ ಉಳಿಯಿತೋ.

ನಮ್ಮ ಮನೆಯಲ್ಲಿ ವಾರ್ತೆ ಬರುತ್ತಿರುವಾಗಲೇ ನಾವು ತಿಂಡಿಯ ಮಾತಾಡುತ್ತೇವೆ, ಚಪ್ಪಲಿ ಹುಡುಕುತ್ತೇವೆ. ದೂರದ ಯಾವುದೋ ಊರಿನ ಹೆಸರು ಕಿವಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಮೊನ್ನೆ ಮಾತ್ರ, ಸೆಲ್ ಹಾಕಿ ಕಿವಿ ತಿರುವಿದಾಗ ಯಾರೋ ವಾರ್ತೆ ಓದುತ್ತಿದ್ದರು. ಮೊಮ್ಮಗಳು ಹಾಡು ಹಾಕು ಎನ್ನಲಿಲ್ಲ, ಬಂದು ಪಕ್ಕದಲ್ಲಿ ಕೂತಳು. ವಾರ್ತೆ ಮುಗಿಯುವವರೆಗೆ ನಾವಿಬ್ಬರೂ ಮಾತಾಡಲಿಲ್ಲ.